ಹನ್ನೊಂದು ಖಾಲಿ ಗುಳಿಗಳು

ಮನುಷ್ಯನ ಗತಕಾಲ ಅವನನ್ನು ಹುಡುಕಿಕೊಂಡು ಬರುವಾಗ ಇತಿಹಾಸದ ಹೆಬ್ಬಾಗಿಲಿನಿಂದ, ಗಂಭೀರವಾದ ಹೆಜ್ಜೆಗಳನ್ನಿಡುತ್ತ ಬರುತ್ತದೆ ಎಂದು ತಿಳಿದವರು ಹೇಳುತ್ತಾರೆ. ನನ್ನದು ಅಡುಗೆಮನೆಯಿಂದ ಬಂತು, ಕುಕ್ಕರು ಮೂರನೆಯ ಸಲ ಕೂಗಿದ ಮೇಲೆ.

ಕಳೆದ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ. ನೈರೋಬಿಯ ಸೌತ್ ಸಿ ಬಡಾವಣೆಯ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಕೆಂಪು ಬೀನ್ಸ್ ಕಾಳಿನ ಹುಳಿ ಮಾಡುತ್ತಿದ್ದಳು. ಇಲ್ಲಿನವರು ಆ ಕಾಳನ್ನು ಮಹಾರಾಗ್ವೆ ಎನ್ನುತ್ತಾರೆ. ಬೇಯುತ್ತಿರುವಾಗ ಅದರಿಂದ ಮೊದಲ ಮಳೆ ಬಿದ್ದ ಕೆಮ್ಮಣ್ಣಿನಂಥ ಒಂದು ವಾಸನೆ ಏಳುತ್ತದೆ. ಆ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಹಸಿವಾಗಬಹುದು. ನನಗೆ ಲಂಬಕೋನ ತ್ರಿಭುಜ ನೆನಪಾಗುತ್ತದೆ. ನಗಬೇಡಿ. ಗಣಿತದ ಮೇಷ್ಟ್ರಾಗಿ ಮೂವತ್ತೈದು ವರ್ಷ ಸವೆದವನಿಗೆ ಇಂಥ ಕಾಯಿಲೆಗಳು ಇರುತ್ತವೆ. ಆದರೆ ಇದು ಕಾಯಿಲೆಯಲ್ಲ, ಇದಕ್ಕೊಂದು ಕಥೆಯಿದೆ ಎಂದು ನಿಮಗೆ ಹೇಳಲು ಹೊರಟಿದ್ದೇನೆ. ಯಾಕೆಂದರೆ ಅಂದು ಆ ವಾಸನೆಯ ಬೆನ್ನಿಗೇ ಫೋನು ಬಂತು.

"ಅಂಕಲ್, ಶಿಕಮೋ."

ಹಿರಿಯರಿಗೆ ನಮಸ್ಕಾರ ಹೇಳುವ ಮಾತು ಅದು. "ಮರಹಾಬಾ" ಎಂದು ಆಶೀರ್ವಾದದಂಥದ್ದೊಂದನ್ನು ವಾಪಸು ಕೊಟ್ಟೆ. ಫೋನಿನಲ್ಲಿದ್ದವಳು ಮ್ವೆಂಡೆ, ನನ್ನ ಹಳೆಯ ಸ್ನೇಹಿತರಾದ ಮುತುವಾ ಮೇಷ್ಟ್ರ ಮಗಳು. ಅವಳನ್ನು ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಬಲ್ಲೆ. ಈಗ ಅವಳಿಗೇ ಮೊಮ್ಮಕ್ಕಳು. ನಮ್ಮ ಮಾತು ಇಂಗ್ಲಿಷು ಸ್ವಾಹಿಲಿಗಳ ಕಲಸುಮೇಲೋಗರದಲ್ಲಿ ನಡೆಯುತ್ತದೆ. ನಿಮಗಾಗಿ ಕನ್ನಡದಲ್ಲಿ ಬಡಿಸುತ್ತೇನೆ.

"ಅಂಕಲ್, ನಮ್ಮೂರ ಶಾಲೆಯ ನೆನಪಿನ ಪುಸ್ತಕ ಬರ್ತಾ ಇದೆ ಅಂದಿದ್ದೆನಲ್ಲ, ಅದರ ಕರಡು ಬಂತು. ಅಪ್ಪನ ಹೆಸರು ಎಲ್ಲಿದೆ ಗೊತ್ತಾ? ತೋಟದ ಮೇಲ್ವಿಚಾರಕರು ಅಂತ ಒಂದು ಪಟ್ಟಿ. ಅಡುಗೆಯವರಾದ ಮೇಲೆ, ವಾಚ್‌ಮನ್‌ಗಳಿಗಿಂತ ಮುಂಚೆ."

"ಅಪ್ಪ ಏನಂದರು?"

"ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಅಷ್ಟೇ. ಅಂಕಲ್, ಅವರಿಗೆ ತೊಂಬತ್ತು. ಅವರು ನೋಡೋ ಹಾಗೆ ಇನ್ನೊಂದು ಪುಸ್ತಕ ಬರೋದಿಲ್ಲ."

ಗುರುವಾರ ಪುಸ್ತಕ ಅಚ್ಚಿಗೆ ಹೋಗುತ್ತದಂತೆ. ಸಮಿತಿಯ ಅಧ್ಯಕ್ಷರು ನೇರ ಮನುಷ್ಯ; ದಾಖಲೆಯಲ್ಲಿ ಏನಿದೆಯೋ ಅದನ್ನೇ ಹಾಕುತ್ತೇವೆ, ಬದಲಾಯಿಸಬೇಕಾದರೆ ಆಗ ಆ ಊರಲ್ಲಿದ್ದ ಗಣಿತದ ಅಧ್ಯಾಪಕರೊಬ್ಬರು ಬುಧವಾರದೊಳಗೆ ಬಂದು ಹೇಳಲಿ ಎಂದಿದ್ದಾರೆ.

"ಆ ಕಾಲದ ಗಣಿತದ ಮೇಷ್ಟ್ರುಗಳಲ್ಲಿ ಬದುಕಿರೋರು ನೀವೊಬ್ಬರೇ ಅಂಕಲ್."

ಬದುಕಿರುವುದನ್ನೇ ಒಂದು ಅರ್ಹತೆಯೆಂದು ನನಗೆ ಈವರೆಗೆ ಯಾರೂ ಹೇಳಿರಲಿಲ್ಲ. ಎದೆಯುಬ್ಬಿತು. ಅವಳ ಮುಂದಿನ ಮಾತಿಗೆ ಅದು ತಗ್ಗಿತು.

"ಇನ್ನೊಂದು ವಿಷಯ. ಹಳೆಯ ಫೈಲಿನಲ್ಲಿ ಅಪ್ಪನ ಬಗ್ಗೆ ಒಂದು ಪತ್ರ ಸಿಕ್ಕಿದೆಯಂತೆ. ನಿಮ್ಮ ಸಹಿ ಇದೆ."

ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ಆ ಪತ್ರ ನನಗೆ ಗೊತ್ತಿತ್ತು. ಅದರ ಒಂದೊಂದು ಪದವನ್ನೂ ನಾನೇ ತೂಗಿ ಇಟ್ಟಿದ್ದೆ.

ಎಂಬತ್ತರ ದಶಕದ ಮೊದಲಲ್ಲಿ ನಾನು ಮೈಸೂರಿನಿಂದ ಈ ದೇಶಕ್ಕೆ ಬಂದಾಗ ಜೊತೆಗಿದ್ದದ್ದು ಒಂದು ಎಂ.ಎಸ್ಸಿ., ಎರಡು ವರ್ಷದ ಕರಾರು, ನಿಂಬೆಕಾಯಿ ಉಪ್ಪಿನಕಾಯಿಯ ಒಂದು ಭರಣಿ ಮತ್ತು ಆಫ್ರಿಕಾ ಖಂಡಕ್ಕೆ ರೇಖಾಗಣಿತವನ್ನು ಪರಿಚಯ ಮಾಡಿಕೊಡುವ ಹೊಣೆ ನನ್ನ ಹೆಗಲಿಗೆ ಬಿದ್ದಿದೆ ಎಂಬ ನಂಬಿಕೆ. ಭರಣಿ ದಾರಿಯಲ್ಲೇ ಒಡೆಯಿತು. ನಂಬಿಕೆ ಒಂದು ಟರ್ಮಿನವರೆಗೆ ತಡೆದುಕೊಂಡಿತು.

ಶಾಲೆ ನೈರೋಬಿಯಿಂದ ಮಟಾಟುವಿನಲ್ಲಿ ಮೂರು ಗಂಟೆಯ ದಾರಿ. ಆ ವ್ಯಾನಿನಲ್ಲಿ ಕೊನೆಯವನಾಗಿ ಹತ್ತಿ, ಯಾರದೋ ಕೋಳಿಯ ಪಕ್ಕದಲ್ಲಿ ಅರ್ಧ ಸೀಟು ಗಿಟ್ಟಿಸಿಕೊಂಡವನಿಗೆ ಅದು ಆರು ಗಂಟೆ. ಒಣ ಗುಡ್ಡಗಳ ಸೀಮೆ; ಗುಡ್ಡದ ತುಂಬ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಹೊಲಗಳು. ನಾನು ಕಲಿಸಬೇಕಾದ ಸೆಕೆಂಡರಿ ಶಾಲೆ ಹೊಸದು. ಕಳ್ಳಿಬೇಲಿಯಾಚೆ ಒಂದು ಪ್ರೈಮರಿ ಶಾಲೆ. ಅದು ಬಹಳ ಹಳೆಯದು, ಬ್ರಿಟಿಷರ ಕಾಲದ್ದು.

ಬ್ರಿಟಿಷರ ಕಾಲದ್ದು ಎಂದೊಡನೆ ಕೆಂಪು ಹೆಂಚು, ಕಮಾನು, ಗಂಟೆಗೋಪುರ ಎಂದುಕೊಂಡಿರಾದರೆ ನೀವು ಬೇರೆಯವರ ಶಾಲೆಯನ್ನು ನೋಡುತ್ತಿದ್ದೀರಿ. ಆ ಕಾಲದಲ್ಲಿ ಇಲ್ಲಿ ಮಕ್ಕಳನ್ನು ಚರ್ಮದ ಬಣ್ಣ ನೋಡಿ ಮೂರು ರಾಶಿ ಮಾಡುತ್ತಿದ್ದರು: ಬಿಳಿಯರಿಗೆ ಒಂದು ಶಾಲೆ, ನಮ್ಮಂಥ ಏಷ್ಯನ್ನರಿಗೆ ಒಂದು, ಆಫ್ರಿಕನ್ನರಿಗೆ ಒಂದು. ಗೋಪುರ ಮೊದಲನೆಯದಕ್ಕೆ. ಎರಡನೆಯದಕ್ಕೆ ಬೆಂಚು, ಕಿಟಕಿಗೆ ಗಾಜು. ಮೂರನೆಯದಕ್ಕೆ, ಅದರಲ್ಲೂ ಹಳ್ಳಿಗಾಡಿನಲ್ಲಿ, ಹುಲ್ಲಿನ ಮಾಡು ಮತ್ತು ಒಬ್ಬ ಮೇಷ್ಟ್ರು. ನಮ್ಮವರು ಮಧ್ಯದ ಮೆಟ್ಟಿಲಿನಲ್ಲಿ ಕೂತು ಮೇಲಿನವರ ಮೇಲೆ ದೂರು ಹೇಳುತ್ತಿದ್ದರು. ಕತ್ತು ಬಗ್ಗಿಸಿ ಕೆಳಗೆ ನೋಡುವ ಅಭ್ಯಾಸವನ್ನು ಅಷ್ಟಾಗಿ ಇಟ್ಟುಕೊಂಡಿರಲಿಲ್ಲ. ನಾನು ಬರುವ ಹೊತ್ತಿಗೆ ಆ ವ್ಯವಸ್ಥೆ ಹೋಗಿ ಎಷ್ಟೋ ವರ್ಷವಾಗಿತ್ತು. ಅಭ್ಯಾಸ ಮಾತ್ರ ನನಗೆ ಬಂದಿತ್ತು, ಮೈಸೂರಿನಲ್ಲಿದ್ದೂ ಹೇಗೆ ಬಂತೋ ಕಾಣೆ.

ಮೊದಲ ಪರೀಕ್ಷೆಯಲ್ಲಿ ಲಂಬಕೋನ ತ್ರಿಭುಜದ ಆ ಪ್ರಸಿದ್ಧ ಪ್ರಮೇಯವನ್ನು ಕೇಳಿದ್ದೆ. ಗ್ರೀಕರದೆಂದು ಪುಸ್ತಕ ಹೇಳುತ್ತದೆ, ಅದಕ್ಕೂ ಮೊದಲೇ ನಮ್ಮದೆಂದು ನಮ್ಮವರು ಹೇಳುತ್ತಾರೆ. ಆ ಜಗಳ ಈಗ ಬೇಡ. ಉತ್ತರಪತ್ರಿಕೆ ತಿದ್ದುತ್ತ ಕೂತವನಿಗೆ ಒಬ್ಬ ಹುಡುಗಿಯ ಉತ್ತರ ಸಿಕ್ಕಿತು. ಅವಳು ಬರೆದದ್ದು ಇಷ್ಟು: "ಮೂಲೆ ಸರಿಯಾಗಿದ್ದರೆ ಎರಡು ಸಣ್ಣ ಪಾತಿಗಳ ಕಾಳು ದೊಡ್ಡ ಪಾತಿಗೆ ಸರಿಯಾಗಿ ಸಾಕಾಗುತ್ತದೆ. ಸಾಕಾಗದಿದ್ದರೆ ಮೂಲೆ ಕೆಟ್ಟಿದೆ."

ಪಾತಿ! ಕಾಳು! ನಾನು ಕೆಂಪು ಶಾಯಿಯಲ್ಲಿ ಒಂದು ದುಂಡನೆಯ ಸೊನ್ನೆ ಸುತ್ತಿ, ಪಕ್ಕದಲ್ಲಿ 'ಇದು ಕೃಷಿ, ಗಣಿತವಲ್ಲ' ಎಂದು ಬರೆದೆ. ಆ ಷರಾ ನನಗೇ ಇಷ್ಟವಾಯಿತು. ಮುಂದಿನ ಪತ್ರಿಕೆ ತೆಗೆದರೆ ಅದರಲ್ಲೂ ಪಾತಿ, ಅದರಲ್ಲೂ ಕಾಳು. ಒಟ್ಟು ಏಳು ಪತ್ರಿಕೆ. ನಕಲು ಹೊಡೆದಿದ್ದಾರೆ ಎಂದು ಪತ್ತೆದಾರನ ಉತ್ಸಾಹದಲ್ಲಿ ಎದ್ದು ವಿಚಾರಿಸಿದೆ. ಏಳೂ ಮಂದಿ ಬೇಲಿಯಾಚೆಯ ಪ್ರೈಮರಿಯಿಂದ ಬಂದವರು. ಮುತುವಾ ಎಂಬ ಮೇಷ್ಟ್ರ ಶಿಷ್ಯರು. ಆ ಮೇಷ್ಟ್ರು ಏನು ಕಲಿಸುತ್ತಾರೆ ಎಂದರೆ, "ತೋಟಗಾರಿಕೆ" ಎಂದರು ನಮ್ಮ ಹೆಡ್‌ಮಾಸ್ಟರು.

ಏಳು ಪತ್ರಿಕೆಗಳನ್ನು ಮಡಿಸಿ ಕೈಯಲ್ಲಿ ಹಿಡಿದು, ಖಂಡವೊಂದರ ಗಣಿತದ ಭವಿಷ್ಯ ನನ್ನ ಮುಷ್ಟಿಯಲ್ಲಿದೆ ಎಂಬಂತೆ ಬೇಲಿ ದಾಟಿದೆ. ಕಳ್ಳಿಮುಳ್ಳು ಪ್ಯಾಂಟಿಗೆ ಸಿಕ್ಕಿ ಪರ್ರನೆ ಹರಿಯಿತು. ಹಾಗಾಗಿ ನಮ್ಮ ಮೊದಲ ಭೇಟಿಯಲ್ಲಿ ನಾನು ಒಂದು ಕೈಯಿಂದ ದೂರು ಕೊಡಬೇಕಾಯಿತು.

ಮುತುವಾ ಶಾಲೆಯ ತೋಟದಲ್ಲಿದ್ದರು. ಐವತ್ತರ ಹತ್ತಿರದ ವಯಸ್ಸು. ಕರಿಯ ಟೈ ಕಟ್ಟಿ, ಅದರ ತುದಿಯನ್ನು ಮಣ್ಣಾಗದಂತೆ ಅಂಗಿಯ ಎರಡು ಗುಂಡಿಗಳ ನಡುವೆ ತೂರಿಸಿಕೊಂಡಿದ್ದರು. ಕೈಯಲ್ಲಿ ಗಂಟುಗಂಟಾದ ಒಂದು ಕತ್ತಾಳೆ ಹಗ್ಗ.

"ಕರಿಬು, ಮ್ವಾಲಿಮು" ಎಂದರು. ಬನ್ನಿ ಮೇಷ್ಟ್ರೇ, ಎಂದು.

ದೂರು ಕೊಟ್ಟೆ. ಅವರು ಪತ್ರಿಕೆಗಳನ್ನು ಒಂದೊಂದಾಗಿ ಓದಿದರು.

"ಏಳು ಜನವೇ? ಹೋದ ವರ್ಷ ಹನ್ನೆರಡು ಜನ ಬರೆದಿದ್ದರು. ಈ ಸಲದವರು ಸ್ವಲ್ಪ ಸೋಮಾರಿಗಳು." ಆಮೇಲೆ ನನ್ನ ಕೆಂಪು ಷರಾವನ್ನು ಗಟ್ಟಿಯಾಗಿ ಓದಿದರು. "'ಇದು ಕೃಷಿ, ಗಣಿತವಲ್ಲ.' ಒಳ್ಳೆಯ ಅಕ್ಷರ ನಿಮ್ಮದು. ಈ ಮಾತನ್ನು ನನಗೆ ಮೊದಲು ಹೇಳಿದವರು ನೀವಲ್ಲ, ಮ್ವಾಲಿಮು. ಆದರೆ ಆಗ ಅವರು ಹೇಳಿದಾಗ ನನಗೆ ಬಹಳ ಸಂತೋಷವಾಗಿತ್ತು."

"ಯಾರು ಹೇಳಿದ್ದರು?"

"ಕೂತುಕೊಳ್ಳಿ. ನಿಮ್ಮ ಪ್ಯಾಂಟಿಗೂ ಅದೇ ಕ್ಷೇಮ."

ಬುಟ್ಟಿಯೊಂದನ್ನು ಬೋರಲು ಹಾಕಿ ಕೊಟ್ಟರು. ಕೂತೆ. ಆ ದಿನ ಕೇಳಿದ್ದನ್ನು ಈಗ ನಿಮಗೆ ಹೇಳುವಾಗಲೂ ನನಗೆ ಕುರ್ಚಿಯಲ್ಲಿ ಸರಿಯಾಗಿ ಕೂರಲಾಗುತ್ತಿಲ್ಲ.

ಅವರು ಹತ್ತೊಂಬತ್ತನೆಯ ವಯಸ್ಸಿಗೆ ಆ ಶಾಲೆಗೆ ಮೇಷ್ಟ್ರಾಗಿ ಬಂದರು. ಮೂರನೆಯ ರಾಶಿಯ ಶಾಲೆ. ಮೇಲಿನಿಂದ ಬಂದ ಪಠ್ಯಕ್ರಮದಲ್ಲಿ ದಿನವೂ ತೋಟದ ಕೆಲಸವಿತ್ತು, ಬುಟ್ಟಿ ಹೆಣೆಯುವುದಿತ್ತು, ಲೆಕ್ಕದಲ್ಲಿ ಕೂಡುವುದು, ಕಳೆಯುವುದು, ಅಂಗಡಿಗೆ ಹೋಗಿ ಬರುವಷ್ಟು. ರೇಖಾಗಣಿತ ಇರಲಿಲ್ಲ. ಈ ಮಕ್ಕಳು ಮುಂದೆ ಯಾರದೋ ತೋಟದಲ್ಲಿ ಅಗೆಯುವವರು, ಅವರಿಗೆ ತ್ರಿಭುಜ ಯಾಕೆ ಎಂದು ಎಲ್ಲೋ ಯಾರೋ ನಿರ್ಧರಿಸಿದ್ದರು. ಅಪ್ಪಿತಪ್ಪಿ ಮೇಲಿನ ಶಾಲೆಗೆ ಹೋದ ಒಬ್ಬಿಬ್ಬರು ಅಲ್ಲಿ ಮೊದಲ ಸಲ ತ್ರಿಭುಜವನ್ನು ಕಂಡು, ಅರ್ಥವಾಗದೆ, ಒಂದು ವರ್ಷದಲ್ಲಿ ಮನೆಗೆ ವಾಪಸಾಗುತ್ತಿದ್ದರು. ನೋಡಿದಿರಾ, ಇವರಿಗೆ ಗಣಿತ ಹತ್ತುವುದಿಲ್ಲ ಎಂದು ಆ ಎಲ್ಲೋ ಇದ್ದ ಯಾರೋ ತಲೆಯಾಡಿಸುತ್ತಿದ್ದರು.

"ನನಗೆ ಕಲಿಸಿದವರೂ ಒಬ್ಬ ಆಫ್ರಿಕನ್ ಮೇಷ್ಟ್ರೇ" ಎಂದರು ಮುತುವಾ. "ಟ್ರೈನಿಂಗಿನಲ್ಲಿ. ಪಾಠ ಮುಗಿದ ಮೇಲೆ ಹೊರಗೆ ಕರೆದುಕೊಂಡು ಹೋಗಿ ಮರಳಿನ ಮೇಲೆ ತ್ರಿಭುಜ ಬರೆಯೋರು, ಯಾರಾದರೂ ಬಂದರೆ ಕಾಲಿನಿಂದ ಅಳಿಸೋರು. ನನಗೆ ಅಳಿಸೋದು ಇಷ್ಟವಾಗಲಿಲ್ಲ. ಅದಕ್ಕೇ ಅಗೆದೆ."

ತೋಟದ ಅವಧಿಯನ್ನು ಯಾರೂ ಪ್ರಶ್ನಿಸುವಂತಿರಲಿಲ್ಲವಲ್ಲ! ಗಂಟು ಹಾಕಿದ ಹಗ್ಗದಿಂದ ಮೂರು, ನಾಲ್ಕು, ಐದು ಅಡಿಯ ಒಂದು ತ್ರಿಕೋನ ಎಳೆದರು. ಅದರ ಪ್ರತಿ ಬದಿಗೂ ಅಂಟಿಕೊಂಡಂತೆ ಒಂದೊಂದು ಚೌಕದ ಪಾತಿ. ಅಡಿಗೊಂದು ಗುಳಿ, ಗುಳಿಗೊಂದು ಮಹಾರಾಗ್ವೆ ಕಾಳು. ಮೊದಲ ಪಾತಿಗೆ ಒಂಬತ್ತು ಕಾಳು, ಎರಡನೆಯದಕ್ಕೆ ಹದಿನಾರು. ಈಗ ಆ ಎರಡರ ಕಾಳನ್ನೂ ಕಿತ್ತು ದೊಡ್ಡ ಪಾತಿಗೆ ಹಾಕಿ ನೋಡಿ ಎಂದರೆ, ಒಂದೂ ಮಿಗದೆ, ಒಂದೂ ಸಾಲದೆ ಬರದೆ, ಇಪ್ಪತ್ತೈದು! ಮಕ್ಕಳು ಕುಣಿದರಂತೆ. ಹೇಳುತ್ತ ಹೇಳುತ್ತ ಮುತುವಾ ನನ್ನ ಮುಂದೆಯೇ ಹಗ್ಗ ಎಳೆದು, ಕಾಳು ಬಿತ್ತಿ, ಕಿತ್ತು, ಮತ್ತೆ ಬಿತ್ತಿ ತೋರಿಸಿದರು. ಈ ಪ್ರಮೇಯವನ್ನು ನಾನು ನಾಲ್ಕು ಬಗೆಯಲ್ಲಿ ಸಾಧಿಸಬಲ್ಲವನಾಗಿದ್ದೆ. ಅದನ್ನು ಕೈಯಲ್ಲಿ ಹಿಡಿದದ್ದು ಅಂದೇ ಮೊದಲು. ಹರಿದ ಪ್ಯಾಂಟಿನಿಂದ ಕೈ ಯಾವಾಗಲೋ ಬಿಟ್ಟಿದ್ದೆ.

"ಇದಿಷ್ಟೇ ಆಗಿದ್ದರೆ ತೋಟಗಾರಿಕೆ ಅಂತಲೇ ಇಟ್ಟುಕೊಳ್ಳಿ" ಎಂದರು. "ಪಾಠ ಇರೋದು ಈ ಕಡೆ, ಕೆಟ್ಟ ಪಾತಿಯಲ್ಲಿ."

ಕೆಟ್ಟ ಪಾತಿ ಸ್ವಲ್ಪ ದೂರದಲ್ಲಿತ್ತು. ಅಲ್ಲಿನ ತ್ರಿಕೋನದ ಮೂಲೆಯನ್ನು ಬೇಕೆಂದೇ ಬಿಚ್ಚಿ ಅಗಲ ಮಾಡಿದ್ದರು: ಮೂರು, ನಾಲ್ಕು, ಆರು. ದೊಡ್ಡ ಪಾತಿಗೆ ಮೂವತ್ತಾರು ಗುಳಿ. ಎರಡು ಸಣ್ಣ ಪಾತಿಗಳ ಇಪ್ಪತ್ತೈದು ಕಾಳನ್ನು ತಂದು ಹಾಕಿದರೆ ಹನ್ನೊಂದು ಗುಳಿ ಬಾಯಿ ತೆರೆದುಕೊಂಡು ಖಾಲಿ ಉಳಿಯುತ್ತವೆ. ಯಾಕೆ ಉಳಿದವು? ಅದಕ್ಕೆ ಉತ್ತರ ಹುಡುಕಲು ಮಕ್ಕಳಿಗೆ ಒಂದು ವಾರದ ಗಡುವು. ಮೂಲೆ ಕೆಟ್ಟಿದೆ ಎಂದು ಯಾರಾದರೂ ಕಂಡುಹಿಡಿಯುವವರೆಗೆ ಆ ಗುಳಿಗಳನ್ನು ಮುಚ್ಚುವಂತಿಲ್ಲ.

ಒಂದು ಸಲ ಆ ವಾರದಲ್ಲೇ ಬಿಳಿಯ ಇನ್‌ಸ್ಪೆಕ್ಟರು ಜೀಪಿನಲ್ಲಿ ಬಂದಿಳಿದರು.

"ಇದೇನು, ಮೂರು ಮೂಲೆಯ ಸುತ್ತ ಪಾತಿ?" ಎಂದು ಕೇಳಿದರಂತೆ.

"ಮಣ್ಣು ಕೊಚ್ಚಿಹೋಗದಿರಲಿ ಅಂತ, ಸರ್."

ಆ ಗುಡ್ಡಗಾಡಿನಲ್ಲಿ ಸರ್ಕಾರಕ್ಕೆ ಮಣ್ಣು ಕೊಚ್ಚಿಹೋಗುವುದೊಂದೇ ಚಿಂತೆ. ಇನ್‌ಸ್ಪೆಕ್ಟರರ ಮುಖ ಅರಳಿತು.

"ಈ ಹನ್ನೊಂದು ಗುಳಿ ಯಾಕೆ ಖಾಲಿ?"

"ಭೂಮಿಗೆ ವಿಶ್ರಾಂತಿ, ಸರ್."

ಮಕ್ಕಳೆಲ್ಲ ಗುದ್ದಲಿ ಹಿಡಿದು ಕಲ್ಲಿನಂತೆ ನಿಂತಿದ್ದರಂತೆ, ಒಬ್ಬನೂ ನಗಲಿಲ್ಲವಂತೆ. "ಆ ಶಿಸ್ತು ನಾನು ಕಲಿಸಿದ್ದಲ್ಲ, ಅವರಿಗೆ ಹುಟ್ಟಿನಿಂದ ಬಂದದ್ದು" ಎಂದರು ಮುತುವಾ. ಇನ್‌ಸ್ಪೆಕ್ಟರು ಇದು ಬರಿಯ ಶಾಲೆಯಲ್ಲ, ಕೃಷಿಯ ಮಾದರಿ ಎಂದು ಹೊಗಳಿ ಭೇಟಿಪುಸ್ತಕದಲ್ಲಿ ಬರೆದರು. ಅಷ್ಟಕ್ಕೇ ಬಿಟ್ಟರೆ? ಸುತ್ತಲಿನ ನಾಲ್ಕು ಆಫ್ರಿಕನ್ ಶಾಲೆಗಳಲ್ಲೂ ಇಂಥ ಪಾತಿ ಮಾಡಬೇಕು, ಅಲ್ಲಿನ ಮೇಷ್ಟ್ರುಗಳಿಗೆ ಮುತುವಾ ಪ್ರತಿ ಶನಿವಾರ ಹೋಗಿ ತೋಟಗಾರಿಕೆ ಕಲಿಸಬೇಕು ಎಂದು ಆಜ್ಞೆ ಹೊರಡಿಸಿದರು. ಓಡಾಡಲು ಒಂದು ಸರ್ಕಾರಿ ಸೈಕಲ್ಲನ್ನೂ ಕೊಟ್ಟರು!

ಯೋಚಿಸಿ. ಯಾವ ಸರ್ಕಾರ ಈ ಮಕ್ಕಳಿಗೆ ರೇಖಾಗಣಿತ ಬೇಡವೆಂದಿತ್ತೋ ಅದೇ ಸರ್ಕಾರದ ಸೈಕಲ್ಲಿನಲ್ಲಿ, ಅದೇ ಸರ್ಕಾರದ ಆಜ್ಞೆಯ ಮೇರೆಗೆ, ಗುಡ್ಡದಿಂದ ಗುಡ್ಡಕ್ಕೆ ರೇಖಾಗಣಿತ ಸರಬರಾಜಾಯಿತು. ನಾಲ್ಕು ಶಾಲೆಗಳ ನಾಲ್ಕು ಮೇಷ್ಟ್ರುಗಳು ಕತ್ತಾಳೆ ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿತರು. ಒಂದೊಂದು ಶಾಲೆಯಲ್ಲೂ ಮೂರು ಒಳ್ಳೆಯ ಪಾತಿ, ಪಕ್ಕದಲ್ಲಿ ಕೆಟ್ಟವು. ಐದು ಊರುಗಳಲ್ಲಿ ಹನ್ನೊಂದು ಹನ್ನೊಂದು ಗುಳಿಗಳು ವಿಶ್ರಾಂತಿ ಪಡೆದವು.

ನಾನು ಆ ಸಂಜೆ ಏಳೂ ಸೊನ್ನೆಗಳನ್ನು ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟೆ. ಆ ಹುಡುಗಿಯ ಎರಡನೆಯ ವಾಕ್ಯವನ್ನು ಮತ್ತೆ ಓದಿದೆ: ಸಾಕಾಗದಿದ್ದರೆ ಮೂಲೆ ಕೆಟ್ಟಿದೆ. ಅದು ಪ್ರಮೇಯವನ್ನು ಹಿಂದಿನಿಂದ ಹಿಡಿದು ಮೂಲೆಯನ್ನೇ ಪರೀಕ್ಷಿಸುವ ವಿಧಾನ. ತರಗತಿಯಲ್ಲಿ ಹೊತ್ತು ಸಾಲದೆಂದು ನಾನು ಅದನ್ನು ಕಲಿಸಿಯೇ ಇರಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ನಿಮ್ಮ ಕಣ್ಣಲ್ಲಿ ನಾನು ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ. ಪತ್ರ ಬಿಡುವುದಿಲ್ಲವಲ್ಲ.

ನಾಲ್ಕು ವರ್ಷದ ಮೇಲೆ ನಮ್ಮ ಸೆಕೆಂಡರಿಯಲ್ಲಿ ಗಣಿತಕ್ಕೆ ಜನ ಸಾಲದಾದಾಗ ಮುತುವಾ ಅರ್ಜಿ ಹಾಕಿದರು. ಅವರ ಸೇವಾ ದಾಖಲೆ, ಇನ್‌ಸ್ಪೆಕ್ಟರರ ಹೊಗಳಿಕೆಯಿಂದಾಗಿಯೇ, ಮೊದಲಿನಿಂದ ಕೊನೆಯವರೆಗೆ 'ತೋಟಗಾರಿಕೆ' ಎಂದಿತ್ತು. ದೇಶ ಸ್ವತಂತ್ರವಾಯಿತು, ಬಾವುಟ ಬದಲಾಯಿತು, ಕಾಲಂ ಬದಲಾಗಲಿಲ್ಲ. ಇವರು ಗಣಿತ ಕಲಿಸಿದ್ದಾರೆಯೇ ಎಂದು ಶಿಕ್ಷಣ ಕಚೇರಿ ಗಣಿತ ವಿಭಾಗದ ಮುಖ್ಯಸ್ಥನಾದ ನನ್ನನ್ನು ಕೇಳಿತು. ನನ್ನ ಕರಾರಿನ ನವೀಕರಣವೂ ಅದೇ ಕಚೇರಿಯ ಅದೇ ಮೇಜಿನ ಮೇಲಿತ್ತು. ದಾಖಲೆಯಿಲ್ಲದ್ದಕ್ಕೆ ಸಹಿ ಹಾಕುವ ವಿದೇಶಿ ಎಂದು ಹೆಸರು ಬಂದರೆ? ನಾನು ಬರೆದೆ: 'ಶ್ರೀ ಮುತುವಾ ಅವರು ಗಣಿತವನ್ನು ಬೋಧಿಸಿರುವ ಬಗ್ಗೆ ನನ್ನ ಗಮನಕ್ಕೆ ಯಾವುದೇ ದಾಖಲೆ ಬಂದಿರುವುದಿಲ್ಲ.'

ಪೂರ್ತಿ ನಿಜ. ದಾಖಲೆ ಬಂದಿರಲಿಲ್ಲ, ಕಾಳು ಬಂದಿತ್ತು. ಅರ್ಜಿ ಬಿದ್ದುಹೋಯಿತು. ಮುತುವಾ ನನ್ನ ಪತ್ರದ ಪ್ರತಿಯನ್ನು ಓದಿ, ನಾಲ್ಕಾಗಿ ಮಡಿಸಿ, "ಅಸಾಂಟೆ, ಮ್ವಾಲಿಮು" ಎಂದು ಧನ್ಯವಾದ ಹೇಳಿದರು. ಕೋಪ ಮಾಡಿಕೊಂಡಿದ್ದರೆ ಸುಲಭವಿತ್ತು. ಅವರು ಪ್ರತಿ ಸುಗ್ಗಿಗೂ ನಮ್ಮ ಮನೆಗೆ ಒಂದು ಚೀಲ ಕಾಳು ಕಳಿಸುವುದನ್ನು ನಿಲ್ಲಿಸಲೇ ಇಲ್ಲ.

ಮಂಗಳವಾರ ಇದನ್ನೆಲ್ಲ ಸ್ಟೂಲಿನ ಮೇಲೆ ಕೂತು ನೆನೆಯುತ್ತಿದ್ದವನನ್ನು ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ನೋಡಿದಳು.

"ಆ ಪತ್ರ ತಾನೆ? ಅವತ್ತೇ ಹೇಳಿದ್ದೆ ನಾನು, ಬರೀಬೇಡಿ ಅಂತ."

"ನೀನು ಹೇಳಿದ್ದು, ಫುಲ್‌ಸ್ಟಾಪ್ ಸರಿಯಾಗಿ ಹಾಕಿ ಅಂತ."

"ಹೇಳೋ ಧಾಟಿಯಲ್ಲಿ ಗೊತ್ತಾಗ್ಬೇಕಿತ್ತು ರೀ. ಈಗ ಹೋಗಿ. ಮತ್ತೆ ಅಲ್ಲಿ ಹೋಗಿ ಗಮನಕ್ಕೆ ಬಂದಿರುವುದಿಲ್ಲ ಗಿಮನಕ್ಕೆ ಬಂದಿರುವುದಿಲ್ಲ ಅಂತ ಶುರು ಮಾಡ್ಬೇಡಿ."

ಬುಧವಾರ ಹತ್ತು ಗಂಟೆಗೆ ಕಿಲಿಮಾನಿಯಲ್ಲಿ ಅಧ್ಯಕ್ಷರ ಫ್ಲ್ಯಾಟಿನಲ್ಲಿ ಸೇರುವುದೆಂದಾಯಿತು. ಒಂಬತ್ತಕ್ಕೆ ಹತ್ತಿದ ಟ್ಯಾಕ್ಸಿ ಒಂಬತ್ತೂವರೆಗೂ ಮೊಂಬಾಸಾ ರಸ್ತೆಯಲ್ಲೇ ಇತ್ತು. ಕಿಟಕಿಯ ಹೊರಗೆ ಅದೇ ಲಾರಿ, ಲಾರಿಯ ಮೇಲೆ ಅದೇ ಹಸು, ಇಬ್ಬರೂ ಪರಸ್ಪರ ಪರಿಚಿತರಾಗಿಬಿಟ್ಟಿದ್ದೆವು. ನಾನು ಇಳಿದೆ. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಮೊದಲ ಸಲ, ಬಾಡಿಗೆಯ ಮೋಟಾರ್ ಬೈಕಿನ ಹಿಂದೆ ಕೂತೆ. ಅಪರಿಚಿತನೊಬ್ಬನ ಸೊಂಟವನ್ನು ತಬ್ಬಿಕೊಂಡು ಕಾರುಗಳ ನಡುವೆ ನುಗ್ಗುವಾಗ ಭಯವಾಗಬೇಕಿತ್ತು. ಆಗಲಿಲ್ಲ. ಜೋರಾಗಿ ಹೋಗು ಎಂದು ನಾನೇ ಅವನ ಬೆನ್ನು ತಟ್ಟಿದೆ.

ಅಧ್ಯಕ್ಷರಾದ ಕಿಯೋಕೊ ಎಂಬತ್ತರ ಹತ್ತಿರದವರು, ಸರ್ಕಾರದಲ್ಲಿ ಭೂಮಾಪಕರಾಗಿದ್ದು ನಿವೃತ್ತರಾದವರು. ಅವರೂ ಅದೇ ಶಾಲೆಯಲ್ಲಿ, ಆ ಮೂರು ರಾಶಿಯ ಕಾಲದಲ್ಲೇ ಓದಿದವರು. ಸೋಫಾದಲ್ಲಿ ಮುತುವಾ ಕೂತಿದ್ದರು, ಅದೇ ಕರಿಯ ಟೈ. ಪಕ್ಕದಲ್ಲಿ ಮ್ವೆಂಡೆ.

"ಬಂದಿರಾ, ಮುಹಿಂಡಿ ಮೇಷ್ಟ್ರೇ" ಎಂದರು ಕಿಯೋಕೊ. ಮುಹಿಂಡಿ ಎಂದರೆ ಇಂಡಿಯಾದವನು. "ಏನಿದು, ಮುಖದ ತುಂಬ ಧೂಳು? ನಡೆದುಕೊಂಡು ಬಂದಿರಾ?"

"ಹಾರಿಕೊಂಡು ಬಂದೆ."

"ಸರಿ. ಮೊದಲು ಇದನ್ನು ನೋಡಿ." ನನ್ನ ಪತ್ರವನ್ನು ಮುಂದಿಟ್ಟರು. "ಮುತುವಾ ನನಗೂ ಮೇಷ್ಟ್ರೇ. ಅವರಿಂದ ನಾನು ಬಿತ್ತುವುದನ್ನು ಕಲಿತೆ, ಅದಕ್ಕೆ ಋಣಿ. ಆದರೆ ಪುಸ್ತಕ ಮೊಮ್ಮಕ್ಕಳ ಕಾಲಕ್ಕೂ ಉಳಿಯುವಂಥದ್ದು. ಪ್ರೀತಿಗೆ ಸುಳ್ಳು ಬರೆಯಲಾಗದು. ನೀವೇ ಬರೆದಿದ್ದೀರಿ, ದಾಖಲೆ ಇಲ್ಲ ಅಂತ."

ದಾರಿಯುದ್ದಕ್ಕೂ ತಯಾರಿಸಿಕೊಂಡಿದ್ದ ಭಾಷಣ ಬೈಕಿನಲ್ಲೇ ಉದುರಿಹೋಗಿತ್ತು. "ನಾನು ಹೆದರಿ ಬರೆದ ಪತ್ರ ಅದು" ಎಂದೆ. "ನೋಡಿದ್ದನ್ನು ನೋಡಿಲ್ಲವೆಂದು ಬರೆಯಲು ಧೈರ್ಯ ಸಾಲದೆ, ದಾಖಲೆ ಇಲ್ಲವೆಂದು ಬರೆದೆ. ಈಗ ಬೇರೆ ಬರೆದುಕೊಡುತ್ತೇನೆ."

ಮುತುವಾ ಮೊದಲ ಸಲ ಬಾಯಿ ಬಿಟ್ಟರು. "ಪತ್ರದಲ್ಲಿ ಒಂದು ತಪ್ಪೂ ಇರಲಿಲ್ಲ, ಮ್ವಾಲಿಮು. ನನಗೆ ಕಷ್ಟವಾದದ್ದೂ ಅದೇ. ತಪ್ಪಿದ್ದರೆ ತಿದ್ದಿ ವಾಪಸು ಕಳಿಸುತ್ತಿದ್ದೆ."

ಮ್ವೆಂಡೆ ನಕ್ಕಳು, ಕಣ್ಣೊರೆಸಿಕೊಂಡಳು. ಕಿಯೋಕೊ ನಗಲಿಲ್ಲ. "ಹೆದರಿ ಒಂದು ಪತ್ರ, ನಾಚಿಕೊಂಡು ಒಂದು ಪತ್ರ. ಎರಡೂ ದಾಖಲೆ ಹೇಗಾಗುತ್ತವೆ? ದಾಖಲೆ ಎಂದರೆ ಇದು." ಹಳೆಯ ಭೇಟಿಪುಸ್ತಕದ ಒಂದು ಪುಟದ ನಕಲನ್ನು ಎತ್ತಿ, ಕನ್ನಡಕ ಸರಿಮಾಡಿಕೊಂಡು ಓದಿದರು. ಇನ್‌ಸ್ಪೆಕ್ಟರರ ಬರಹ! ನಾನು ಅ‌ದನ್ನು ಕಿವಿಯಾರೆ ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. "'ಮಣ್ಣಿನ ರಕ್ಷಣೆ ಉತ್ತಮವಾಗಿದೆ. ಒಂದು ಪಾತಿಯಲ್ಲಿ ಹನ್ನೊಂದು ಗುಳಿಗಳನ್ನು ಬಿತ್ತದೆ ಭೂಮಿಗೆ ವಿಶ್ರಾಂತಿ ಕೊಟ್ಟಿರುವುದು ಮೆಚ್ಚತಕ್ಕದ್ದು.' ನೋಡಿ. ತೋಟ, ಮಣ್ಣು, ಗುಳಿ. ಇದರಲ್ಲಿ ಗಣಿತ ಎಲ್ಲಿದೆ?"

ನಾನು ನನ್ನ ಪತ್ರವನ್ನು ಪಕ್ಕಕ್ಕೆ ಸರಿಸಿ ಅವರತ್ತ ಬಾಗಿದೆ. ತರಗತಿಯಲ್ಲಿ ಅಪರೂಪಕ್ಕೊಮ್ಮೆ ಹೀಗಾಗುತ್ತದೆ. ಉತ್ತರ ಹುಡುಗನ ನಾಲಿಗೆಯ ತುದಿಯಲ್ಲೇ ಇದೆ, ಅವನಿಗೆ ಗೊತ್ತಿಲ್ಲ, ಮೇಷ್ಟ್ರಿಗೆ ಗೊತ್ತಿದೆ. ಆಗ ಮೇಷ್ಟ್ರಾದವನು ಹೆಚ್ಚು ಮಾತಾಡಬಾರದು.

"ಆ ದಿನ ನೀವಲ್ಲಿದ್ದಿರಾ?" ಎಂದೆ.

"ಇದ್ದೆನಲ್ಲ. ಗುದ್ದಲಿ ಹಿಡಿದು ನಿಂತಿದ್ದೆ."

"ಹನ್ನೊಂದೇ ಗುಳಿ ಯಾಕೆ ಖಾಲಿ ಇದ್ದವು? ಹತ್ತಲ್ಲ, ಹನ್ನೆರಡಲ್ಲ."

"ಇನ್ನೇನು? ಆರಾರಲಿ ಮೂವತ್ತಾರು. ನಮ್ಮ ಕೈಯಲ್ಲಿದ್ದದ್ದು ಒಂಬತ್ತು ಹದಿನಾರು ಇಪ್ಪತ್ತೈದು. ಮೂಲೆ ಕೆಟ್ಟಿತ್ತು, ಅದಕ್ಕೆ..."

ಎಂಬತ್ತರ ಆ ಮನುಷ್ಯನ ಬಾಯಿ ಹಾಗೇ ತೆರೆದು ನಿಂತಿತು. ಕೈಯಲ್ಲಿದ್ದ ಕಾಗದವನ್ನು ನೋಡಿದರು. ಆಮೇಲೆ ಮುತುವಾರ ಮುಖವನ್ನು. ಮತ್ತೆ ಕಾಗದ.

"ಸೆಕೆಂಡರಿಗೆ ಹೋದಾಗ" ಎಂದರು, ನಿಧಾನವಾಗಿ, ತಮಗೆ ತಾವೇ ಹೇಳಿಕೊಳ್ಳುವಂತೆ, "ಬೋರ್ಡಿನ ಮೇಲೆ ಇದನ್ನು ಬರೆದಾಗ ಬೇರೆ ಊರಿನ ಹುಡುಗರೆಲ್ಲ ತಲೆ ಕೆರೆದುಕೊಂಡರು. ನಾನೂ ನಮ್ಮ ಸುತ್ತಿನ ಶಾಲೆಗಳ ಹುಡುಗರೂ ನಕ್ಕೆವು. ಇದು ಎಲ್ಲರಿಗೂ ಗೊತ್ತಿರೋದೇ ಅಲ್ಲವಾ ಅಂತ. ಅವರು ದಡ್ಡರು ಅಂದುಕೊಂಡಿದ್ದೆವು." ಧ್ವನಿ ಏರಿತು. "ನಲವತ್ತು ವರ್ಷ! ನಲವತ್ತು ವರ್ಷ ಈ ದೇಶದ ನೆಲ ಅಳೆದೆ ನಾನು, ಮೂಲೆ ಸರಿಯಿದೆಯೇ ಅಂತ ಪ್ರತಿ ದಿನ ಮೂರು ನಾಲ್ಕು ಐದು ಹಿಡಿದು ನೋಡಿದೆ, ಇದನ್ನು ಎಲ್ಲಿ ಕಲಿತೆ ಅಂತ ಒಂದು ದಿನ ಕೇಳಿಕೊಳ್ಳಲಿಲ್ಲ! ಮ್ವಾಲಿಮು! ನೀವು ನಮಗಾದರೂ ಹೇಳಬಾರದಿತ್ತೇ?"

"ಹೇಳಿದ್ದರೆ ನೀನು ಇನ್‌ಸ್ಪೆಕ್ಟರರ ಮುಂದೆ ಬಾಯಿಬಿಡುತ್ತಿದ್ದೆ" ಎಂದರು ಮುತುವಾ. "ನಿನ್ನ ಬಾಯಿ ಮೊದಲಿನಿಂದಲೂ ದೊಡ್ಡದು, ಕಿಯೋಕೊ."

ಆಮೇಲೆ ಆ ಫ್ಲ್ಯಾಟಿನಲ್ಲಿ ಎದ್ದ ಗದ್ದಲವನ್ನು ಹೇಗೆ ವರ್ಣಿಸಲಿ? ಕಿಯೋಕೊ ಎದ್ದು ನಿಂತು ಮೇಜು ಗುದ್ದಿದರು. ಮ್ವೆಂಡೆ ಅಪ್ಪನ ಭುಜ ಹಿಡಿದು ಅಲುಗಾಡಿಸಿದಳು. ಯಾವ ಕಾರಣಕ್ಕೋ ನಾನು ಕಿಯೋಕೊ ಅವರ ಕೈ ಹಿಡಿದು ಕುಲುಕುತ್ತಲೇ ಇದ್ದೆ. ಗೌರವಾನ್ವಿತ ವೃದ್ಧರ ಸಭೆಯೊಂದು ಇಷ್ಟು ಕಿರುಚಿದ್ದನ್ನು ಕೇಳಿ ಪಕ್ಕದ ಫ್ಲ್ಯಾಟಿನವರು ಬಾಗಿಲು ತಟ್ಟಿ, ಎಲ್ಲ ಸವಾ ತಾನೆ, ಸರಿಯಾಗಿದೆ ತಾನೆ, ಎಂದು ವಿಚಾರಿಸಿದರು.

ಮುತುವಾ ಒಬ್ಬರೇ ಕೂತಿದ್ದರು. ಗದ್ದಲ ಇಳಿದ ಮೇಲೆ ಹೇಳಿದರು: "ನನ್ನ ಹೆಸರೊಂದನ್ನೇ ಬದಲಾಯಿಸುವುದಾದರೆ ಬೇಡ. ಶನಿವಾರದವರು ನಾಲ್ಕು ಜನ ಇದ್ದರು. ನಾಲ್ವರೂ ಹೋಗಿಬಿಟ್ಟರು. ಅವರನ್ನೂ ತೋಟದಲ್ಲೇ ಬಿಟ್ಟಿದ್ದೀರಿ."

ಕರಡನ್ನು ತಿರುವಿದೆವು. ಹೌದು. ಪುಸ್ತಕ ಸುತ್ತಲಿನ ನಾಲ್ಕು ಶಾಲೆಗಳನ್ನೂ ಸೇರಿಸಿಕೊಂಡಿತ್ತು; ಆ ನಾಲ್ವರು ಮೇಷ್ಟ್ರುಗಳೂ ಅದೇ ಪಟ್ಟಿಯಲ್ಲಿದ್ದರು, ಅಡುಗೆಯವರಿಗೂ ವಾಚ್‌ಮನ್‌ಗಳಿಗೂ ನಡುವೆ. ಕಿಯೋಕೊ ಪೆನ್ನು ತೆಗೆದರು. ನನ್ನ ಹೇಳಿಕೆಯನ್ನು ನಾನು ಅಲ್ಲೇ ಕೂತು ಬರೆದೆ. ಅದು ಒಂದೂವರೆ ಪುಟವಾಯಿತು, ಅದರಲ್ಲಿ ಒಂದೇ ಒಂದು ಎಚ್ಚರಿಕೆಯ ವಾಕ್ಯವೂ ಇರಲಿಲ್ಲ. ನನ್ನ ಸರ್ಕಾರಿ ಬರವಣಿಗೆಯಲ್ಲಿ ಇಂಥದ್ದು ಹಿಂದೆ ಆಗಿರಲಿಲ್ಲ. ಕಿಯೋಕೊ ಅದರ ಕೆಳಗೆ, ಶಿಷ್ಯ ಮತ್ತು ಸಾಕ್ಷಿ ಎಂದು ಬರೆದು ಸಹಿ ಹಾಕಿ, ಪ್ರೆಸ್ಸಿಗೆ ಫೋನು ಮಾಡಿದರು.

ಪುಸ್ತಕ ಕಳೆದ ವಾರ ಬಂತು. 'ಗಣಿತ ಶಿಕ್ಷಕರು' ಎಂಬ ಪಟ್ಟಿಯ ಮೊದಲಲ್ಲಿ ಐದು ಹೆಸರುಗಳು ಹೊಸದಾಗಿ ಸೇರಿವೆ. ಮುತುವಾ ಅವರದು, ಅಕ್ಷರಾನುಕ್ರಮದಲ್ಲಿ, ಮೂರನೆಯದು.